ಮನೆಮಾತಿನ ಪರೀಕ್ಷೆ

ಆ ಪರದೇಶದ ಊರಿನಲ್ಲಿ ಒಳ್ಳೆಯ ಶಾಲೆಗಳೆಲ್ಲ ಭರ್ತಿಯಾಗಿ ಉಳಿದದ್ದು ಇದೊಂದೇ. ವೀಸಾ ಕೈಗೆ ಬಂದ ದಿನದಿಂದಲೇ ತಾಯಿ ಮಗಳಿಗೆ ಇಂಗ್ಲಿಷನ್ನು ಅರೆದು ಕುಡಿಸಿದ್ದಳು.

ಪ್ರವೇಶದ ಸಂದರ್ಶನದಲ್ಲಿ ತಾಯಿ ಮಗಳ ಇಂಗ್ಲಿಷನ್ನು ಹೊಗಳಿದಾಗ ಹೆಡ್‌ಮಿಸ್ ನಕ್ಕರು. "ಇಂಗ್ಲಿಷ್ ನಾವು ಕಲಿಸ್ತೀವಿ. ಮಗು ಮನೆಮಾತಲ್ಲಿ ಹೇಗೆ ಮಾತಾಡುತ್ತೆ, ಅದಷ್ಟೇ ನೋಡೋದು," ಎಂದು ಕಂಪ್ಯೂಟರಿನ ಪರದೆಯಲ್ಲಿದ್ದ ದುಭಾಷಿಯತ್ತ ಕೈ ತೋರಿದರು.

"ಯಾವ ಆಟ ಇಷ್ಟ ಮರಿ ನಿಂಗೆ?" ಪರದೆಯಿಂದ ಅಚ್ಚ ಕನ್ನಡ ಕೇಳಿಬಂತು.

ಮಗು ತುಟಿಪಿಟಕ್ಕೆನ್ನಲಿಲ್ಲ. ಕೈಗೆ ಬಂದ ಸೀಟು ತಾಯಿಯ ಕಣ್ಣೆದುರೇ ಜಾರತೊಡಗಿತು.

"ಕನ್ನಡದಲ್ಲೇ ಹೇಳು ಪುಟ್ಟಿ, ನಿನ್ನ ದಮ್ಮಯ್ಯ!" ಎಂದು ಅಂಗಲಾಚಿದಳು.

ಪುಟ್ಟಿ ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು. "ಕನ್ನಡ ಮಾತಾಡಿದ್ರೆ ಇವತ್ತೂ ಸ್ಕೇಲಲ್ಲಿ ಹೊಡೀತೀಯಾ ಅಮ್ಮಾ?"

ದುಭಾಷಿ ಅದನ್ನು ಒಂದಕ್ಷರವೂ ಬಿಡದೆ ಹೆಡ್‌ಮಿಸ್‌ಗೆ ಇಂಗ್ಲಿಷಿನಲ್ಲಿ ಹೇಳಿದರು.