ಏಟು ತಪ್ಪಿಸುವ ಕಲೆ

ನೋವಿನ ಮುಲಾಮಿನ ವಾಸನೆ ಮೂಗಿಗೆ ಬಡಿದರೆ, ಹೊಸಕೋಟೆಯ ಬಾಡಿಗೆ ಮನೆಯ ಆ ಮಧ್ಯಾಹ್ನ ಇವತ್ತಿಗೂ ನನ್ನನ್ನು ಕೂತಲ್ಲಿ ಕೂರಲು ಬಿಡುವುದಿಲ್ಲ.

ಟಿವಿಯಲ್ಲಿ ತೆಲುಗಿಗೆ ಡಬ್ ಆದ ಚೀನಾದ ಕುಂಗ್‌ಫೂ ಸಿನಿಮಾ ಬರುತ್ತಿತ್ತು. ಪಾತ್ರಗಳು ಬಾಯಿ ಮುಚ್ಚಿದ ಮೇಲೂ ಮಾತು ಮುಂದುವರಿಯುತ್ತಿತ್ತು. ಅಮ್ಮನ ತವರು ಕುಪ್ಪಂ ಕಡೆ, ತೆಲುಗು ಚೆನ್ನಾಗಿ ಬರುತ್ತಿತ್ತು. ಮೊಣಕೈಗೆ ಮುಲಾಮು ತಿಕ್ಕಿಕೊಳ್ಳುತ್ತಲೇ ನನಗೆ ಕನ್ನಡದಲ್ಲಿ ಕತೆ ಹೇಳುತ್ತಿದ್ದಳು. ಬೀದಿಯಲ್ಲಿ ಸ್ಕೂಟರ್ ಸದ್ದಾದಾಗಲೆಲ್ಲ ಟಿವಿಯ ಸೌಂಡ್ ತಗ್ಗಿಸುತ್ತಿದ್ದಳು.

"ಕತೆ ಏನೂ ಇಲ್ಲ ಕಣೆ," ಎಂದಳು. "ಹೆಂಡ್ತೀನ ಮೊದ್ಲೇ ಸಾಯಿಸ್ಬಿಡ್ತಾರೆ. ಇಲ್ದಿದ್ರೆ ಇವನಿಗೆ ಹೊಡೆದಾಡಕ್ಕೆ ನೆಪ ಸಿಗಲ್ವಲ್ಲ."

"ಮತ್ತೆ ಯಾಕಮ್ಮ ನೋಡ್ತೀಯ?"

"ನಮ್ಮ ಹೀರೋಗಳು ಬರೀ ಹೊಡೀತಾರೆ. ಇವನು ಏಟು ತಪ್ಪಿಸ್ಕೊಳ್ಳೋದು ನೋಡು. ಎದುರಿನವನ ಭುಜದ ಮೇಲೇ ಕಣ್ಣು. ಕೈ ಏಳೋಕೆ ಮುಂಚೆ ಭುಜ ಏಳುತ್ತೆ."

ಅಷ್ಟರಲ್ಲಿ ಗೇಟು ಕಿರುಗುಟ್ಟಿತು. ಅಮ್ಮ ತಟ್ಟನೆ ಟಿವಿ ಆರಿಸಿದಳು. ಒಳಗೆ ಬಂದ ಅಪ್ಪ ಟಿವಿಯ ನೆತ್ತಿಯ ಮೇಲೆ ಕೈಯಿಟ್ಟು ನೋಡಿದ. ಅದಿನ್ನೂ ಬಿಸಿಯಾಗಿತ್ತು.

"ಬೇರೆ ಕೆಲ್ಸ ಇಲ್ವಾ ನಿಂಗೆ?" ಎಂದ.

ಅಮ್ಮ ಅವನ ಮುಖ ನೋಡಲಿಲ್ಲ. ಅವನ ಭುಜವನ್ನೇ ನೋಡುತ್ತ ನಿಂತಿದ್ದಳು.