ಹಳೇ ಬೆಂಚಿನ ಭವಿಷ್ಯ

"ನಮ್ಮನ್ನ ಹೊಗಳಿರೋ ಆ ಪಾಪಿ ಯಾರು? ಮೊದಲು ಹೆಸರು ಹೇಳ್ರೀ!"

ಆರ್ವಿಲ್ ಕ್ಲಾಸೆನ್ ಅಂದಿನ ಪತ್ರಿಕೆಯನ್ನು ಸಂಪಾದಕನ ಮೇಜಿನ ಮೇಲೆ ಕುಕ್ಕಿದ. ಡನ್‌ಬರಿ ಊರಿನ ಬೇಸ್‌ಬಾಲ್ ತಂಡಕ್ಕೆ ಅವನು ಹದಿನೆಂಟು ವರ್ಷದಿಂದ ಮ್ಯಾನೇಜರ್. ತಂಡದ ಹೆಸರು ಮ್ಯೂಲ್ಸ್, ಅಂದರೆ ಹೇಸರಗತ್ತೆಗಳು. ಹೆಸರಿಟ್ಟವರಿಗೆ ದೂರದೃಷ್ಟಿಯಿತ್ತು.

ಪ್ರತಿ ಏಪ್ರಿಲ್‌ನಲ್ಲಿ, ಪಂದ್ಯಗಳು ಶುರುವಾಗುವ ಮುಂಚೆ, ಆ ಪತ್ರಿಕೆಯಲ್ಲಿ ‘ಹಳೇ ಬೆಂಚು’ ಎಂಬ ಗುಪ್ತನಾಮದ ಅಂಕಣ ಬರುತ್ತಿತ್ತು. ಲೀಗಿನ ಎಂಟು ತಂಡಗಳಲ್ಲಿ ಯಾರು ಎಷ್ಟನೆಯವರಾಗುತ್ತಾರೆ ಎಂಬ ಭವಿಷ್ಯ. ಹದಿನೇಳು ವರ್ಷ ಮ್ಯೂಲ್ಸ್‌ಗೆ ಎಂಟನೆಯ ಸ್ಥಾನ ಕಾಯಂ. ಜೊತೆಗೆ ಉಪ್ಪುಖಾರ ಹಚ್ಚಿದ ಬೈಗುಳ. ‘ಇವರ ಕ್ಯಾಚರ್ ಈವರೆಗೆ ತಪ್ಪದೆ ಹಿಡಿದದ್ದು ಊಟದ ತಟ್ಟೆಯೊಂದನ್ನೇ.’

ಆ ತುಂಡನ್ನು ಕತ್ತರಿಸಿ, ಆಟಗಾರರು ಬಟ್ಟೆ ಬದಲಿಸುವ ಕೋಣೆಯ ಗೋಡೆಗೆ ಅಂಟಿಸುವುದು ಆರ್ವಿಲ್‌ನ ಪದ್ಧತಿ. ಆಟಗಾರರು ದಿನವೂ ಅದನ್ನು ಓದಿ, ಹಲ್ಲು ಕಡಿದು ಮೈದಾನಕ್ಕಿಳಿಯುತ್ತಿದ್ದರು. ಮೂರನೆಯದೋ ನಾಲ್ಕನೆಯದೋ ಸ್ಥಾನ ಗಿಟ್ಟುತ್ತಿತ್ತು. ಆರ್ವಿಲ್‌ನ ಕೆಲಸ ಇನ್ನೊಂದು ವರ್ಷ ಉಳಿಯುತ್ತಿತ್ತು. ಅವನಿಗೆ ಬೇರೆ ತಂತ್ರವೇ ಗೊತ್ತಿಲ್ಲ ಎನ್ನುವವರೂ ಇದ್ದರು. ಅವರು ಹೇಳಿದ್ದು ಸುಳ್ಳಲ್ಲ.

ಈ ವರ್ಷ ಹಳೇ ಬೆಂಚು ಬರೆದದ್ದು ಹೀಗೆ: ‘ಮ್ಯೂಲ್ಸ್‌ಗೆ ಮೊದಲ ಸ್ಥಾನ. ಇವರನ್ನು ಮುಟ್ಟುವ ಗಂಡಸರಿಲ್ಲ. ಉಳಿದ ಏಳು ತಂಡಗಳು ಈ ಬೇಸಿಗೆಯಲ್ಲಿ ಮೀನು ಹಿಡಿಯಲು ಹೋಗುವುದು ಮರ್ಯಾದೆ.’

"ಹೊಗಳಿದ್ರೂ ಬೈತೀರಲ್ಲ, ಸರಿಹೋಯ್ತು," ಎಂದ ಸಂಪಾದಕ. "ಅಂಕಣ ಅಂಚೇಲಿ ಬರುತ್ತೆ. ಹೆಸರಿಲ್ಲ, ವಿಳಾಸ ಇಲ್ಲ. ಒಂದೂ ಕಾಗುಣಿತದ ತಪ್ಪಿರಲ್ಲ. ಅದಕ್ಕೇ ನಿಮ್ಮ ಆಟಗಾರರು ಯಾರೂ ಬರೆದಿಲ್ಲ ಅಂತ ಮಾತ್ರ ಹೇಳಬಲ್ಲೆ."

ಬರೆದವನು ತಂಡದ ಒಳಗಿನವನೇ. ಅದರಲ್ಲಿ ಆರ್ವಿಲ್‌ಗೆ ಅನುಮಾನವಿರಲಿಲ್ಲ. ಚೆಂಡೆಸೆಯುವ ಎಡಗೈ ಪಿಚರ್‌ನ ಮೊಣಕೈ ನೋವು, ರಾತ್ರಿ ಪಂದ್ಯದಲ್ಲಿ ಶಾರ್ಟ್‌ಸ್ಟಾಪ್ ಜಾಗದಲ್ಲಿ ಆಡುವವನಿಗೆ ಕಣ್ಣು ಮಂಜಾಗುವುದು, ಇಂಥ ಗುಟ್ಟೆಲ್ಲ ಅಂಕಣದಲ್ಲಿ ಇಣುಕುತ್ತಿತ್ತು. ಅವನ ಗುಮಾನಿ ನೆಟ್ಟದ್ದು ಸಹಾಯಕ ಕೋಚ್ ಬಡ್ ನೋವಾಕ್ ಮೇಲೆ. ನೋವಾಕ್ ಹತ್ತು ವರ್ಷದಿಂದ ಮ್ಯಾನೇಜರ್ ಕುರ್ಚಿಯನ್ನೇ ನೋಡುತ್ತ ಕೂತಿದ್ದ. ಬೈದು ಬೀಳಿಸಲಾಗದವನು ಈಗ ಹೊಗಳಿ ಹೊನ್ನಶೂಲಕ್ಕೇರಿಸಿದ್ದಾನೆ!

ಮನೆಯಲ್ಲಿ ಹೆಂಡತಿ ಲೋರೀನ್ ಸೇಬಿನ ಪೈ ಮಾಡಲು ಹಿಟ್ಟು ಲಟ್ಟಿಸುತ್ತಿದ್ದಳು. ಅವಳಿಗೆ ಆಟದ ಗಂಧಗಾಳಿ ಇಲ್ಲವೆಂಬುದು ಆರ್ವಿಲ್‌ನ ಮೂವತ್ತು ವರ್ಷದ ನಂಬಿಕೆ. ಆದರೂ ತಂಡದ ಕಷ್ಟಸುಖವನ್ನೆಲ್ಲ ಊಟದ ಹೊತ್ತಿಗೆ ಅವಳ ಮುಂದೆ ಸುರಿಯುತ್ತಿದ್ದ. ಗೋಡೆಗೆ ಹೇಳುವುದಕ್ಕಿಂತ ವಾಸಿ ಎಂದು.

"ಹೊಗಳಿದ್ರೆ ಅಷ್ಟೊಂದು ಕೆಟ್ಟದ್ದಾಗುತ್ತಾ, ಆರ್ವಿ?"

"ಕೆಟ್ಟದ್ದಾ? ಇವರು ಮೈಮರೀತಾರೆ ಕಣೇ. ಮೈಮರೆತರೆ ಸೋಲ್ತಾರೆ. ಸೋತರೆ ನನ್ನ ಕೆಲಸ ಹೋಗುತ್ತೆ."

"ಹೋದ್ರೆ?"

"ಹೋದ್ರೆ ಇನ್ನೇನು? ಮನೇಲಿ ಕೂತ್ಕೋಬೇಕಾಗುತ್ತೆ."

"ಅಯ್ಯೋ ಪಾಪ," ಎಂದಳು ಲೋರೀನ್. "ಆ ಎಡಗೈ ಹುಡುಗನ ಮೊಣಕೈ ಈಗ ಹೇಗಿದೆ?"

ಹೆಂಗರುಳು ಎಂದುಕೊಂಡ ಆರ್ವಿಲ್.

ತಂಡದ ಮಾಲೀಕ ವ್ಯಾಂಡರ್‌ವೆಲ್‌ನ ಸಾಸೇಜ್ ಕಾರ್ಖಾನೆಯಲ್ಲಿ ಅಂದು ಹಬ್ಬ. ಅವನು ಆಗಲೇ ವಿಜಯ ಪತಾಕೆ ಹೊಲಿಯಲು ಹೇಳಿಯಾಗಿತ್ತು. "ಫಸ್ಟ್ ಬರ್ತೀವಿ ಅಂತ ಪೇಪರ್‌ನಲ್ಲೇ ಬಂದಿದೆಯಲ್ಲಯ್ಯಾ. ಬರಲಿಲ್ಲ ಅಂದ್ರೆ ತಪ್ಪು ನಿಂದೇ. ನಾನು ಬೇರೆಯವರನ್ನ ನೋಡ್ಕೋತೀನಿ."

ಆರ್ವಿಲ್ ಈ ಸಲ ಗೋಡೆಗೆ ಏನನ್ನೂ ಅಂಟಿಸಲಿಲ್ಲ. ಉಳಿದ ಏಳು ತಂಡಗಳು ತಮ್ಮ ತಮ್ಮ ಗೋಡೆಗೆ ಅದೇ ತುಂಡನ್ನು ಅಂಟಿಸಿಕೊಂಡವು.

ಮ್ಯೂಲ್ಸ್ ಮೇ ತಿಂಗಳಲ್ಲಿ ಕೂದಲು ಬಾಚಿಕೊಂಡು ಮೈದಾನಕ್ಕೆ ಬರತೊಡಗಿದರು. ಜೂನ್‌ನಲ್ಲಿ ಕ್ಯಾಚರ್ ತನ್ನ ಫೋಟೋವನ್ನು ಬಲಗಡೆಯಿಂದಲೇ ತೆಗೆಯಬೇಕೆಂದು ಹಟ ಹಿಡಿದ. ಆರ್ವಿಲ್ ಸ್ವತಃ ಬೈದು ನೋಡಿದ. "ನಮಗೆ ಫಸ್ಟ್ ಪ್ಲೇಸ್ ಅಂತ ಬರೆದವನಿಗೆ ಆಟ ಗೊತ್ತು ಸಾರ್, ಸುಮ್ನಿರಿ," ಎಂದರು. ಎದುರಾಳಿಗಳು ಮಾತ್ರ ಹಸಿದವರಂತೆ ಆಡಿದರು. ಜುಲೈ ಮುಗಿಯುವಷ್ಟರಲ್ಲಿ ಹದಿನೇಳು ವರ್ಷ ಬರೀ ಕಾಗದದ ಮೇಲಿದ್ದ ಎಂಟನೆಯ ಸ್ಥಾನ ನಿಜಕ್ಕೂ ಕೈಗೆ ಬಂತು.

ಆಗಸ್ಟ್‌ನ ಮೊದಲ ಸೋಮವಾರ ವ್ಯಾಂಡರ್‌ವೆಲ್ ಅವನನ್ನು ಕರೆಸಿ ಕೈಕುಲುಕಿದ. ಪಕ್ಕದಲ್ಲಿ ಹೊಸ ಮ್ಯಾನೇಜರ್ ನೋವಾಕ್ ನಿಂತು ತನ್ನ ಬೂಟು ನೋಡಿಕೊಳ್ಳುತ್ತಿದ್ದ. ಆರ್ವಿಲ್‌ಗೆ ಅಷ್ಟೇ ಸಾಕ್ಷಿ ಸಾಕಾಯಿತು.

ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ತಂಡದ ಬಸ್ಸೇ ಅವನ ಮನೆ. ಆಗಸ್ಟ್ ತಿಂಗಳ ಮಧ್ಯಾಹ್ನ ತನ್ನ ಬೀದಿ ಹೇಗಿರುತ್ತದೆಂದು ಅವನು ನೋಡಿದ್ದೇ ಇಲ್ಲ. ಲೋರೀನ್ ಜಗುಲಿಯಲ್ಲಿ ಎರಡು ಲೋಟ ನಿಂಬೆ ಶರಬತ್ತು ಇಟ್ಟುಕೊಂಡು ಕೂತಿದ್ದಳು. ಅವನು ಕೆಲಸ ಹೋಯಿತೆಂದ. ಅವಳು ಲೋಟ ಮುಂದಕ್ಕೆ ಸರಿಸಿದಳು.

ಹದಿನೆಂಟು ವರ್ಷ ಮಾಡಿದ ಕೆಲಸ ಒಂದು ಅಂಕಣಕ್ಕೆ ಬಲಿಯಾಗಿತ್ತು. ಅವನಿಗೆ ನಿಜಕ್ಕೂ ದುಃಖವಾಗಿತ್ತು.

"ನೋವಾಕ್‌ದೇ ಕೆಲಸ. ಹತ್ತು ವರ್ಷ ಹಾವಿಗೆ ಹಾಲೆರೆದೆ ನಾನು."

"ಪಾಪ, ಅವನನ್ನ ಯಾಕೆ ಬೈತೀಯ? ಅವನಿಗೆ ನೆಟ್ಟಗೆ ನಾಲ್ಕು ಸಾಲು ಬರೆಯೋಕೆ ಬರಲ್ಲ."

"ಮತ್ತೆ ಇನ್ಯಾರು ಬರೆದಿದ್ದು?"

"ಹದಿನೇಳು ವರ್ಷ ಬೈದು ಬರೆದು ನಿನ್ನ ಕೆಲಸ ಉಳಿಸಿದೆ, ಆರ್ವಿ," ಎಂದಳು ಲೋರೀನ್. "ಒಂದು ಬೇಸಿಗೆನಾದ್ರೂ ಗಂಡನ ಜೊತೆ ಕಳೆಯೋಣ ಅಂತ ಈ ಸಲ ಹೊಗಳಿದೆ."