ಬೀದಿ ಕಾವಲು ಸಂಘದ ಮೊದಲ ಸಭೆ

ಯಾರೋ ಮುಂಬಾಗಿಲನ್ನು ಅಲುಗಾಡಿಸಿದರು. ಬೆಕ್ಕು ಉಸಿರು ಬಿಗಿಹಿಡಿದು ನಿಂತ. ಒಳಗಿನಿಂದ ಚಿಲಕ ಹಾಕಿದ್ದು ಒಳ್ಳೆಯದೇ ಆಗಿತ್ತು. ಹೊರಗೆ ಏನೋ ಪಿಸುಮಾತು ಕೇಳಿಸಿತು. ಸ್ವಲ್ಪ ಹೊತ್ತಿಗೆ ಕರೆಗಂಟೆ ಸದ್ದು ಮಾಡಿತು.

ಬೆಕ್ಕು ಎಂಬುದು ಕಳ್ಳರ ಬಳಗ ಅವನಿಗೆ ಇಟ್ಟ ಹೆಸರು. ಸದ್ದಿಲ್ಲದೆ ಬಂದು ಸದ್ದಿಲ್ಲದೆ ಹೋಗುವವನು. ಇವತ್ತೂ ಹಾಗೇ ಹೋಗೋಣವೆಂದು ಹಿತ್ತಲಿಗೆ ಇಣುಕಿದರೆ, ಗೋಡೆಗೆ ಒರಗಿ ಇಬ್ಬರು ಹೆಂಗಸರು ಹರಟುತ್ತಿದ್ದರು. ಅವರ ಮಾತು ಈಗಷ್ಟೇ ಶುರುವಾದಂತಿತ್ತು. ಸದ್ಯಕ್ಕೆ ಮುಗಿಯುವ ಲಕ್ಷಣವಿರಲಿಲ್ಲ. ಇನ್ನೊಂದು ಸಲ ಸಿಕ್ಕಿಬಿದ್ದರೆ ಮಕ್ಕಳನ್ನು ಕರೆದುಕೊಂಡು ತವರಿಗೆ ಹೊರಟೇಬಿಡುತ್ತೇನೆ ಎಂದು ಹೆಂಡತಿ ಬೆಳಿಗ್ಗೆ ತಾನೇ ಹೇಳಿದ್ದಳು. ಅವಳು ಆಡಿದ್ದನ್ನು ಮಾಡುವವಳು. ಅವನಿಗೆ ಪೊಲೀಸರಿಗಿಂತ ಆ ಮಾತಿನದೇ ಹೆಚ್ಚು ಭಯ.

ಇಂಥ ಇಕ್ಕಟ್ಟಿಗೆ ಅವನ ಬಳಿ ಒಂದು ಉಪಾಯವಿತ್ತು. ಮನೆಯ ಯಜಮಾನನೇ ಆಗಿಬಿಡುವುದು. ಈ ಬೀದಿಯಲ್ಲಂತೂ ಅದು ನೀರು ಕುಡಿದಷ್ಟು ಸುಲಭ. ಬೆಳಿಗ್ಗೆ ಬೀಗ ಜಡಿದು ಓಡುವ ಜನ, ಒಬ್ಬರ ಮುಖ ಒಬ್ಬರು ನೋಡುವುದಿಲ್ಲ ಎಂಬುದನ್ನು ಅವನು ಗಮನಿಸಿಯೇ ಬಂದಿದ್ದ. ಚೀಲವನ್ನು ಮಂಚದಡಿಗೆ ತಳ್ಳಿದ. ಗೂಟಕ್ಕೆ ನೇತುಹಾಕಿದ್ದ ಟವೆಲನ್ನು ಹೆಗಲಿಗೆ ಎಸೆದುಕೊಂಡ. ಆಕಳಿಸುತ್ತಾ ಬಾಗಿಲು ತೆರೆದ.

ದಪ್ಪ ಕನ್ನಡಕದ ಹಿರಿಯ ಹೆಂಗಸೊಬ್ಬರು ನಿಂತಿದ್ದರು. ಹಿಂದೆ ಒಬ್ಬ ದಢೂತಿ ಗಂಡಸು, ಒಬ್ಬಳು ಎಳೆಯ ಹೆಣ್ಣುಮಗಳು. ಹಿರಿಯಾಕೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು, ರೋಗಿಯನ್ನು ನೋಡುವ ಹಾಗೆ.

“ನಿದ್ದೆ ಕೆಡಿಸಿದ್ವೇನೋ. ಯಜಮಾನ್ರು ನೀವೇ ಅಲ್ವಾ?”

“ಹೌದಮ್ಮ, ನಾನೇ. ಏನಾಗ್ಬೇಕಿತ್ತು?”

“ನಾನು ಇದೇ ಬೀದಿಯವಳು. ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದೆ, ಎಲ್ಲರೂ ನರ್ಸಮ್ಮ ಅಂತಾರೆ. ಇವರದ್ದು ಔಷಧಿ ಅಂಗಡಿ. ಇವಳು ಎದುರು ಮನೆ ಹೊಸ ಸೊಸೆ. ಇತ್ತೀಚೆಗೆ ಕಳ್ಳತನ ಜಾಸ್ತಿ ಆಯ್ತಲ್ಲ, ಅದಕ್ಕೆ ಕಾವಲು ಸಂಘ ಕಟ್ತಾ ಇದೀವಿ. ಮೊದಲ ಸಭೆ ಇಲ್ಲೇ ಮಾಡ್ಬಿಡೋಣ ಅಂತ. ಒಳಗೆ ಬರಬಹುದಾ?”

ಸೊಸೆಗೆ ಕೆಮ್ಮು ಬಂತು. ಬಾಯಿಗೆ ಕೈ ಅಡ್ಡ ಹಿಡಿದಳು.

ಬೇಡ ಎಂದರೆ ಅನುಮಾನ ಬರುತ್ತದೆ. “ಅಯ್ಯೋ, ಬನ್ನಿ ಬನ್ನಿ. ನಿಮ್ಮ ಮನೆ ಅಂತಾನೇ ತಿಳ್ಕೊಳ್ಳಿ,” ಎಂದ ಬೆಕ್ಕು.

ಅವರು ಹಾಗೇ ತಿಳಿದುಕೊಂಡರು. ನರ್ಸಮ್ಮ ಫ್ಯಾನ್ ಹಾಕಿ ಕಿಟಕಿ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತರು. ಗಾಳಿ ಬೇಕೆಂದು ಔಷಧಿ ಅಂಗಡಿಯವರು ಬಾಗಿಲಿಗೇ ಸ್ಟೂಲ್ ಎಳೆದುಕೊಂಡರು. ಅವರ ಗಾತ್ರಕ್ಕೆ ಗಾಳಿ ಬರಲೂ ಜಾಗ ಉಳಿಯಲಿಲ್ಲ.

“ಟೀ ಆಗುತ್ತಾ, ಯಜಮಾನ್ರೇ?”

ಬೆಕ್ಕು ಅಡುಗೆಮನೆಗೆ ಹೋದ. ಒಂದು ಡಬ್ಬಿಯಲ್ಲಿ ಬೇಳೆ, ಇನ್ನೊಂದರಲ್ಲಿ ಉಪ್ಪು. ಮತ್ತೊಂದರಲ್ಲಿ ಗುಂಡಿ, ಸೂಜಿ, ದಾರ. ಇನ್ನೂ ಒಂದು ಡಬ್ಬಿ ತೆರೆದ.

“ಸಕ್ಕರೆ ಸಿಗ್ತಾ ಇಲ್ವಾ?” ನರ್ಸಮ್ಮ ಕೂತಲ್ಲಿಂದಲೇ ಕೂಗಿದರು. “ಗಂಡಸ್ರಿಗೆ ತಮ್ಮ ಮನೆ ಅಡುಗೆಮನೇನೇ ಗೊತ್ತಿರಲ್ಲ. ಮೇಲಿನ ಸಾಲಲ್ಲಿ ಮೂಲೆ ಡಬ್ಬಿ ನೋಡಿ. ಎಲ್ಲರ ಮನೇಲೂ ಅಲ್ಲೇ ಇರುತ್ತೆ.”

ಅಲ್ಲೇ ಇತ್ತು. ಗಂಡಸರ ದಡ್ಡತನದ ಮೇಲೆ ಹೆಂಗಸರಿಗಿರುವ ನಂಬಿಕೆ ಇವತ್ತು ತನ್ನನ್ನು ಕಾಪಾಡಿತೆಂದು ಬೆಕ್ಕು ನಿಟ್ಟುಸಿರು ಬಿಟ್ಟ. ಹಾಲು ಮಾತ್ರ ಇರಲಿಲ್ಲ. ಸೊಸೆ ತಾನು ತರುತ್ತೇನೆಂದು ಒಂದೇ ಉಸಿರಿಗೆ ಓಡಿದಳು. ಒಬ್ಬಳು ಕಡಿಮೆಯಾದಳಲ್ಲ ಎಂದು ಅವನಿಗೆ ನಿರಾಳವಾಯಿತು.

“ಆ ನಲ್ಲಿ ಎಷ್ಟು ಸೋರ್ತಿದೆ ನೋಡಿ,” ಎಂದರು ನರ್ಸಮ್ಮ. “ಕೇಳ್ತಾ ಇದ್ರೆ ತಲೆ ಕೆಡುತ್ತೆ.”

ಬೆಕ್ಕು ಜೇಬಿನಿಂದ ಇಕ್ಕಳ ತೆಗೆದು ಕ್ಷಣಾರ್ಧದಲ್ಲಿ ಸರಿಮಾಡಿದ.

“ಇಕ್ಕಳ ಜೇಬಲ್ಲೇ ಇಟ್ಕೊಂಡಿರ್ತೀರಾ?”

“ಮನೆ ಅಂದ್ಮೇಲೆ ಏನಾದ್ರೂ ಇದ್ದೇ ಇರುತ್ತಲ್ಲಮ್ಮ.”

ಸಭೆ ಶುರುವಾಯಿತು. ಬೆಕ್ಕು ಮೊದಮೊದಲು ಹೂಂಗುಟ್ಟುತ್ತಿದ್ದ. ಆದರೆ ಔಷಧಿ ಅಂಗಡಿಯವರು ಬೀಗದ ಕೈಯನ್ನು ಹೂಕುಂಡದ ಕೆಳಗಿಡುತ್ತೇನೆ ಎಂದಾಗ ಅವನಿಗೆ ತಡೆಯಲಾಗಲಿಲ್ಲ. ಕಸುಬಿನ ಅಭಿಮಾನ ದೊಡ್ಡದು. “ಅಲ್ಲಿ ಮಗು ಕೂಡ ಹುಡುಕುತ್ತೆ ಸಾರ್! ಹಿತ್ತಲ ಬಾಗಿಲಿಗೆ ಈ ಸಣ್ಣ ಚಿಲಕ ಸಾಲದು. ಅಡ್ಡಪಟ್ಟಿ ಹಾಕಿಸ್ಬೇಕು,” ಎಂದು ಎದ್ದುನಿಂತು ವಿವರಿಸತೊಡಗಿದ.

“ಪಕ್ಕದ ಬೀದೀಲಿ ಕಳ್ಳನ್ನ ನೋಡಿ ಎಲ್ಲರೂ ಕಿರುಚಿದ್ರಂತೆ,” ಎಂದರು ನರ್ಸಮ್ಮ. “ಅವನು ಗೋಡೆ ಹಾರಿ ಓಡಿಹೋದ. ಏನು ಮಾಡ್ಬೇಕಿತ್ತು ಹೇಳಿ?”

ಕಿರುಚಾಟವೆಂದರೆ ಬೆಕ್ಕಿಗೆ ಆಗದು. “ಕಿರುಚಲೇಬಾರದು,” ಎಂದ ಗಟ್ಟಿಯಾಗಿ. “ಏನೂ ಗೊತ್ತಿಲ್ಲದವರ ಹಾಗೆ ನಯವಾಗಿ ಮಾತಾಡ್ಸಿ ಕೂರಿಸ್ಕೋಬೇಕು.”

“ಎಷ್ಟು ಸರಿಯಾಗಿ ಹೇಳಿದ್ರಿ!” ಎಂದರು ನರ್ಸಮ್ಮ. “ಸಂಘಕ್ಕೆ ನೀವೇ ಅಧ್ಯಕ್ಷರು. ಬೇಡ ಅನ್ನೋ ಹಾಗಿಲ್ಲ.”

ಇಬ್ಬರೂ ಚಪ್ಪಾಳೆ ತಟ್ಟಿದರು. ಹಿತ್ತಲ ಕಡೆಯಿಂದಲೂ ಚಪ್ಪಾಳೆ ಕೇಳಿಸಿತು. ಜನ್ಮದಲ್ಲಿ ಯಾರೂ ಅವನಿಗೆ ಚಪ್ಪಾಳೆ ತಟ್ಟಿರಲಿಲ್ಲ. ಅವನಿಗೆ ನಿಜಕ್ಕೂ ಖುಷಿಯಾಯಿತು. ಹೆಂಡತಿ ಇದನ್ನು ನೋಡಬೇಕಿತ್ತು ಅನ್ನಿಸಿತು. ಇವರು ಟೀ ಕುಡಿದು ಎದ್ದರೆ ಸಾಕು, ಚೀಲವನ್ನೂ ಇಲ್ಲೇ ಬಿಟ್ಟು ಸೀದಾ ಮನೆಗೆ ಹೋಗಿಬಿಡುವುದು ಎಂದು ತೀರ್ಮಾನಿಸಿದ.

ಔಷಧಿ ಅಂಗಡಿಯವರು ಸ್ಟೂಲ್ ಸರಿಸಿ ದಾರಿ ಬಿಟ್ಟರು. ಸೊಸೆ ಬಂದಳು. ಕೈಯಲ್ಲಿ ಹಾಲಿರಲಿಲ್ಲ. ಹಿಂದೆ ಒಬ್ಬ ಪೊಲೀಸಿನವನಿದ್ದ.

ಬೆಕ್ಕು ಒಂದು ಹೆಜ್ಜೆ ಹಿಂದೆ ಸರಿದ. ಆದರೂ ಯಜಮಾನ ಯಜಮಾನನೇ. “ಬನ್ನಿ ಸಾರ್, ಬನ್ನಿ! ಸಂಘ ಶುರುವಾಗೋ ಹೊತ್ತಿಗೆ ಸರಿಯಾಗಿ ನಮ್ಮನೆಗೆ ಬಂದ್ರಿ,” ಎಂದು ನಗುನಗುತ್ತಾ ಕುರ್ಚಿ ಎಳೆದ.

ಪೊಲೀಸಿನವನು ಕೂರಲಿಲ್ಲ. “ನರ್ಸಮ್ಮ, ನಿಮ್ಮ ಮನೆಗೆ ನುಗ್ಗಿರೋ ಕಳ್ಳ ಇವನೇನಾ?”

“ಏಕವಚನದಲ್ಲಿ ಮಾತಾಡ್ಬೇಡಪ್ಪ,” ಎಂದರು ನರ್ಸಮ್ಮ, “ಅವರು ನಮ್ಮ ಸಂಘದ ಅಧ್ಯಕ್ಷರು.”